ಪಾರೋತಕ್ಕನ ಹೊಸ್ತಿಲಿನ ಮೊಳೆ

ಆ ಹೋಳಿಯ ಸಂಜೆ ಪಾರೋತಕ್ಕನ ಬಾಗಿಲಿಗೆ ಬಂದು ನಿಂತ ಅಳವಂತೀಣ ನಾನೇ. ಸತ್ತುಹೋದ ಅವಳ ಮಗಳು ಸೇವಂತಿಯಲ್ಲ, ಭೂತವಲ್ಲ, ಗಾಳಿಯಲ್ಲ — ನಾನು, ಪಕ್ಕದ ಮನೆಯ ಬಡಗಿ ಶಿವು. ಹೆಂಡತಿಯ ಹಸಿರು ಸೀರೆ ಉಟ್ಟು, ಮುಖದ ಮೇಲೆ ಕಪ್ಪು ಬಣ್ಣ ಹಾಕಿದ ನಾರು ಇಳಿಬಿಟ್ಟು, ಕಾಲಿಗೆ ಮರದ ಪಾದ ಕಟ್ಟಿಕೊಂಡು ನಿಂತವನು ನಾನು.

ಅಂಕೋಲೆಯ ನಮ್ಮ ಕೇರಿಯಲ್ಲಿ ಇವತ್ತಿಗೂ ಆ ಕತೆ ನಡೆಯುತ್ತದೆ. ಉಣ್ಣದ ಮಕ್ಕಳಿಗೆ ಹೇಳುತ್ತಾರೆ, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಹೇಳುತ್ತಾರೆ. ನನ್ನ ಎದುರಿಗೇ ಹೇಳುತ್ತಾರೆ. ನಾನೂ ಹೂಂ ಹೂಂ ಅನ್ನುತ್ತೇನೆ. ಹೇಳುವವರು ಎಲ್ಲಾದರೂ ತಪ್ಪಿದರೆ — ಬಾವಿಯ ಕಡೆಯಿಂದ ಬಂದಳು ಅನ್ನುವ ಬದಲು ಗದ್ದೆಯ ಕಡೆಯಿಂದ ಅಂದರೆ — ತಿದ್ದಿಯೂ ಇದ್ದೇನೆ. ಅಂಥ ಮನುಷ್ಯ ನಾನು. ಮುಂದಿನದನ್ನು ಓದುವ ಮೊದಲು ಇಷ್ಟು ಗೊತ್ತಿರಲಿ.

ಘಟ್ಟದ ಮೇಲಿನವರಿಗೆ ಅಳವಂತೀಣ ಅಂದರೆ ತಿಳಿಯಲಿಕ್ಕಿಲ್ಲ. ಹೆರಿಗೆಯಲ್ಲಿ ಸತ್ತ ಹೆಂಗಸು ಹಾಗೆ ಆಗುತ್ತಾಳೆ ಅಂತ ಕಾರವಾರ, ಅಂಕೋಲೆಯ ಕಡೆಯವರ ನಂಬಿಕೆ. ಹಸಿರು ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ. ಹುಟ್ಟಿದ ಕೂಸಿನ ಆಸೆಗೆ ಮನೆಗೆ ತಿರುಗಿ ಬರುತ್ತಾಳಂತೆ. ಬರಬಾರದು ಅಂತ ಮಣ್ಣು ಮಾಡಿ ಬರುವಾಗ ದಾರಿಯುದ್ದ ಸಾಸಿವೆ ಚೆಲ್ಲುತ್ತಾರೆ — ಅದನ್ನು ಆರಿಸುತ್ತ ಕೂರಲಿ ಅಂತ. ಆಮೇಲೆ ಹೊಸ್ತಿಲಿಗೆ ಕಬ್ಬಿಣದ ಮೊಳೆ ಹೊಡೆಸುತ್ತಾರೆ. ಮೊಳೆ ದಾಟಿ ಒಳಗೆ ಬರಲಿಕ್ಕೆ ಅವಳಿಗೆ ಆಗುವುದಿಲ್ಲ. ಆ ಮೊಳೆ ಹೊಡೆಯುವ ಕೆಲಸಕ್ಕೆ ನಮ್ಮ ಕೇರಿಯಲ್ಲಿ ಕರೆಯುತ್ತಿದ್ದದ್ದು ನನ್ನನ್ನು.

ನಮ್ಮದು ಗದ್ದೆ ಮಾಡುವ ಮನೆತನ. ನಾನೊಬ್ಬನೇ ಉಳಿ ಹಿಡಿದವನು. ಹುಡುಗನಾಗಿದ್ದಾಗ ಕೋಡಿಬಾಗದಲ್ಲಿ, ಕಾಳಿ ನದಿಯ ದಂಡೆಯ ಮೇಲೆ ಮಚ್ವೆ ದೋಣಿ ಕಟ್ಟುವವರ ಕೈಕೆಳಗೆ ಕೆಲಸ ಕಲಿತೆ. ದೋಣಿಯ ಕೆಲಸ ಮಾಡಿದವನ ಮೊಳೆ ಸಡಿಲಾಗುವುದಿಲ್ಲ ಅಂತ ಊರಲ್ಲಿ ಹೆಸರು. ಆ ಹೆಸರಿನ ಬಗ್ಗೆ ನನಗೆ ಬಹಳ ಹೆಮ್ಮೆ — ಆಗ.

ಪಾರೋತಕ್ಕ ಸೂಲಗಿತ್ತಿ. ಗಂಡನಿಲ್ಲ, ಒಬ್ಬಳೇ ಮಗಳು ಸೇವಂತಿ. ಕೇರಿಯ ಮಕ್ಕಳೆಲ್ಲ ಅವಳ ಕೈಮೇಲೆ ಹುಟ್ಟಿದವರು, ನಾನೂ ಸೇರಿ. ಬಾಯಿ ಮಾತ್ರ ಕೆಟ್ಟದು. ಯಾರ ಮುಖ ಅಂತಲೂ ನೋಡದೆ ಹೇಳಿಬಿಡುತ್ತಿದ್ದಳು, ಹೇಳಿದ್ದು ಅಂಟಿಕೊಂಡುಬಿಡುತ್ತಿತ್ತು.

ನನಗೂ ಅಂಟಿತು. ಹೋಳಿಗೆ ನಮ್ಮಲ್ಲಿ ಹಗರಣ ಕಟ್ಟುತ್ತಾರೆ — ಗಂಡಸರು ಬಗೆಬಗೆಯ ವೇಷ ಹಾಕಿಕೊಂಡು ಕೇರಿ ಕೇರಿ ತಿರುಗುವುದು, ಊರವರ ಹುಳುಕನ್ನೆಲ್ಲ ಆಡಿ ತೋರಿಸುವುದು, ಮನೆಮನೆಯಲ್ಲಿ ಕಾಯಿ, ಅವಲಕ್ಕಿ ಇಸಕೊಳ್ಳುವುದು. ಹಗರಣದಲ್ಲಿ ಆಡಿದ ಮಾತಿಗೆ ಯಾರೂ ಸಿಟ್ಟು ಮಾಡುವಂತಿಲ್ಲ. ಸಂಜೆ ಕಡಲಿಗಿಳಿದು ಬಣ್ಣ ತೊಳೆದರೆ ಮಾತೂ ತೊಳೆದುಹೋಯಿತು ಅಂತ ಲೆಕ್ಕ. ನಾನು ಹೇಳುತ್ತಿರುವ ಹೋಳಿಯ ಹಿಂದಿನ ವರ್ಷ ಹುಲಿ ಕಟ್ಟಿದ್ದೆ. ಹೊಟ್ಟೆಗೆ ಹುಲ್ಲು ತುಂಬಿದ್ದು ಸ್ವಲ್ಪ ಹೆಚ್ಚಾಗಿತ್ತು, ಒಪ್ಪುತ್ತೇನೆ. ನಾನು ಗರ್ಜಿಸುತ್ತ ಹಾರಿದ್ದೇ, ಪಾರೋತಕ್ಕ ಜನರ ನಡುವಿಂದ ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಒತ್ತಿ ನೋಡಿ, ಸೂಲಗಿತ್ತಿಯ ಗಂಭೀರ ಮುಖ ಮಾಡಿ ಹೇಳಿದಳು:

"ಇದು ಹುಲಿ ಅಲ್ರಾ. ಬಸ್ರಿ ಬೆಕ್ಕು. ದಿನ ತುಂಬ್ಯದೆ. ನಡೀ ತಮಾ, ನಾನೇ ಹೆರ್ಸ್ತೆ."

ಜನ ನೆಲಕ್ಕೆ ಬಿದ್ದು ನಕ್ಕರು. ಗೌರಿ, ನನ್ನ ಹೆಂಡತಿ, ಸೆರಗು ಕಚ್ಚಿಕೊಂಡು ನಕ್ಕಳು. ಆಮೇಲೆ ವರ್ಷವಿಡೀ ನಾನು ಬಸುರಿ ಬೆಕ್ಕು. ಪೇಟೆಗೆ ಹೋದರೆ ಮ್ಯಾಂವ್ ಅನ್ನುವರು, ಕೆಲಸಕ್ಕೆ ಕರೆದವರು ಹಾಲು ಬೇಕಾ ಅನ್ನುವರು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಹುಡುಕಿದ್ದೇನೆ — ಸಿಕ್ಕಿಲ್ಲ.

ಆ ದೀಪಾವಳಿಯ ಹೊತ್ತಿಗೆ ಸೇವಂತಿ ಅಮದಳ್ಳಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಊರಿಗೆಲ್ಲ ಹೆರಿಗೆ ಮಾಡಿಸಿದ ಪಾರೋತಕ್ಕನ ಕೈಯಲ್ಲೇ ಮಗಳೂ ಹೋದಳು, ಹೊಟ್ಟೆಯೊಳಗಿನ ಕೂಸೂ ಹೋಯಿತು. ಹೊಸ್ತಿಲಿಗೆ ಮೊಳೆ ಹೊಡೆಯಲು ಹೋದವನು ನಾನೇ. ಪಾರೋತಕ್ಕ ಮೂಲೆಯಲ್ಲಿ ಕೂತಿದ್ದಳು. ಆ ಬಾಯಿ ಸುಮ್ಮನಾಗಿತ್ತು. ನನಗೆ ಪಾಪ ಅನಿಸಿತು — ಅನಿಸಲಿಲ್ಲ ಅಂತ ಹೇಳಿ ನನ್ನನ್ನು ಇನ್ನೂ ದೊಡ್ಡ ರಾಕ್ಷಸ ಮಾಡಿಕೊಳ್ಳುವುದಿಲ್ಲ. ಅನಿಸಿತು. ಆದರೆ ಮನೆಗೆ ಬರುವ ದಾರಿಯಲ್ಲಿ ಯಾರೋ ಮ್ಯಾಂವ್ ಅಂದರು. ಪಾಪ ಅನಿಸಿದ್ದು ಅಲ್ಲಿಗೇ ನಿಂತಿತು.

ಮತ್ತೆ ಹೋಳಿ ಬಂತು. ಬ್ರಿಟಿಷರಿಗೆ ಕರ ಕೊಡುವುದಿಲ್ಲ ಅಂದ ಗಲಾಟೆಯಲ್ಲಿ ಊರಿನ ಅರ್ಧ ಗಂಡಸರು ಜೈಲು ನೋಡಿ ಬಂದಿದ್ದರು. ಸಾಹೇಬನ ವೇಷ, ಪೊಲೀಸರ ವೇಷ ಈ ವರ್ಷ ಬೇಡ, ದೇವರು, ರಾಕ್ಷಸರು, ಭೂತ ಏನಾದರೂ ಕಟ್ಟಿ ಅಂತ ಹಿರಿಯರು ಹೇಳಿದರು. ಭೂತ ಅಂದದ್ದೇ ತಡ, ನನ್ನ ತಲೆಯಲ್ಲಿ ಅಳವಂತೀಣ ಎದ್ದು ನಿಂತಳು. ಯಾರಿಗೂ ಹೇಳದೆ ಹಾಲೆಮರದ ತುಂಡು ತಂದು ಪಾದ ಕೆತ್ತಿದೆ. ಬೆರಳು, ಉಗುರು, ಹಿಮ್ಮಡಿಯ ಒಡಕು ಎಲ್ಲ ತೆಗೆದೆ. ಅಂಗಾಲಿನ ಕೆಳಗೆ ತಿರುವಿ ಕಟ್ಟಿಕೊಂಡರೆ ನನ್ನ ಹಿಮ್ಮಡಿಯ ಕಡೆ ಅದರ ಬೆರಳು ಬರುವಂತೆ. ಅಷ್ಟು ಚೆಂದದ ಕೆಲಸ ನಾನು ಆಮೇಲೆ ಮಾಡಿಲ್ಲ.

ಮೆರವಣಿಗೆ ಸೇರುವ ಮೊದಲು ವೇಷ ಒಮ್ಮೆ ಪರೀಕ್ಷೆ ಮಾಡಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಯಾರ ಮೇಲೆ ಪರೀಕ್ಷೆ ಅಂತ ಮೊದಲೇ ಗೊತ್ತಿತ್ತು. ಜನರೆಲ್ಲ ಪೇಟೆಯ ಕಡೆ ಹೋಗಿದ್ದರು. ಸಾವಾಗಿ ವರ್ಷ ತುಂಬದ ಮನೆಯವಳು ಅಂತ ಪಾರೋತಕ್ಕ ಹಗರಣ ನೋಡಲು ಹೋಗಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಅವಳ ಕಣ್ಣು ಮೊದಲೇ ಮಬ್ಬು. ನಾನು ಬೇಲಿ ದಾಟಿ ಬಾವಿಯ ಹತ್ತಿರ ನಿಂತೆ. ಸೇವಂತಿ ಶಾಲೆಗೆ ಹೋಗುವ ಕಾಲದಿಂದ, ಮದುವೆಯಾಗಿ ಬಂದು ಹೋಗುವ ಕಾಲದವರೆಗೆ, ಅಲ್ಲಿಂದಲೇ ತಾಯಿಯನ್ನು ಕರೆಯುತ್ತಿದ್ದಳು. 'ಆಯೀ' ಅನ್ನುವುದನ್ನು ಬಾವಿಯೊಳಗೆ ಕೊಡ ಬಿಟ್ಟ ಹಾಗೆ ಎಳೆಯುತ್ತಿದ್ದಳು. ಬೇರೆಯವರ ದನಿ ತೆಗೆಯುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

"ಆಯೀ — ಬಾಗ್ಲು ತೆಗಿ."

ಬಾಗಿಲು ತೆರೆಯಿತು. ನಾನು ನಿಧಾನ ನಡೆಯುತ್ತ ಹೊಸ್ತಿಲ ತನಕ ಹೋದೆ. ಈಗ ಕಿರುಚುತ್ತಾಳೆ, ಈಗ ಬೀಳುತ್ತಾಳೆ, ನಾಳೆ ಊರಿಗೆಲ್ಲ ಹೇಳಿ ಬೆಕ್ಕಿನ ಹೆಸರು ಅವಳಿಗೇ ತಿರುಗಿಸಬೇಕು — ಮನಸ್ಸಿನಲ್ಲಿ ಇಷ್ಟೇ ಇತ್ತು. ಅವಳು ಕಿರುಚಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿ ನನ್ನ ಕಾಲು ನೋಡಿದಳು. ಆಮೇಲೆ ಮುಖದ ಮೇಲಿನ ನಾರು ನೋಡಿದಳು. ಹೋಳಿ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಡೋಲಿನ ಸದ್ದು ಕೇಳುತ್ತಲೇ ಇತ್ತು. ಆದರೂ ಅವಳು ಹೇಳಿದ್ದು:

"ಹೊರ್ಗೆ ಎಂತಕೆ ನಿಂತ್ಯೇ? ಒಳ್ಗೆ ಬಾ. ಗಂಜಿ ಬಿಸಿ ಅದೆ."

ಅಷ್ಟಕ್ಕೇ ನಾರು ಕಿತ್ತೆಸೆದು ನಗಬಹುದಿತ್ತು. ಇಲ್ಲ, ಓಡಿಹೋಗಬಹುದಿತ್ತು. ಆದರೆ ನನಗೆ ಸಿಟ್ಟು ಬಂತು, ನೋಡಿ. ಹೆದರಲಿಲ್ಲವಲ್ಲ ಈ ಮುದುಕಿ, ಈಗಲೂ ನನ್ನ ವೇಷ ಸೋತಿತಲ್ಲ ಅಂತ ಸಿಟ್ಟು. ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಆ ಮೊಳೆಗಳು ನನ್ನವೇ. ಸೇವಂತಿಯ ದನಿಯಲ್ಲಿ ಹೇಳಿದೆ:

"ಹ್ಯಾಂಗೆ ಬರೂದು ಆಯಿ? ನೀನೇ ಮೊಳೆ ಹೊಡ್ಸಿದ್ಯಲ."

ಅವಳು ಕುಸಿದು ಕೂತಳು. ನಾನು ಬಂದ ದಾರಿಯಲ್ಲೇ ತಿರುಗಿ ನಡೆದೆ. ಬೇಲಿಯಾಚೆ ಹೋಗಿ ಸೀರೆ ಬಿಚ್ಚಿ, ಮರದ ಪಾದಗಳನ್ನು ಮನೆಯ ಅಟ್ಟಕ್ಕೆ ಎಸೆದು, ಮುಖಕ್ಕೆ ಮಸಿ ಬಳಿದುಕೊಂಡು ಮೆರವಣಿಗೆಯ ಕೊನೆಗೆ ಸೇರಿಕೊಂಡೆ. ಎಲ್ಲರ ಜೊತೆ ಕಡಲಿಗಿಳಿದು ಮಸಿ ತೊಳೆದೆ. ನನ್ನ ಅಳವಂತೀಣ ಮೆರವಣಿಗೆಗೆ ಬರಲೇ ಇಲ್ಲ. ಯಾರೂ ನೋಡಲಿಲ್ಲ. ಅವಳೊಬ್ಬಳೇ ನೋಡಿದ್ದು.

ಒಂದು ಸಂಗತಿ ನಾನು ಗಮನಿಸಿರಲಿಲ್ಲ. ಆ ಮಧ್ಯಾಹ್ನ ಪಾರೋತಕ್ಕ ಅಂಗಳಕ್ಕೆ ಸಗಣಿ ಸಾರಿಸಿದ್ದಳು. ಇನ್ನೂ ಹಸಿ ಇತ್ತು. ಬೆಳಿಗ್ಗೆ ಅವಳು ಹೇಳಿದ್ದು ಕೇಳಿ ಕೇರಿಯ ಹೆಂಗಸರು ಸೇರಿದಾಗ ಬಾವಿಯಿಂದ ಹೊಸ್ತಿಲ ತನಕ ಪಾದದ ಗುರುತು ಒಣಗಿ ಕೂತಿತ್ತು — ಬೆರಳು, ಹಿಮ್ಮಡಿಯ ಒಡಕು ಸಮೇತ. ಬಂದ ಪಾದಗಳ ಬೆರಳೆಲ್ಲ ಬಾವಿಯ ಕಡೆಗೆ, ಹೋದ ಪಾದಗಳ ಬೆರಳೆಲ್ಲ ಬಾಗಿಲ ಕಡೆಗೆ. ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ನಿಂತ ಗುರುತು ಆಳವಾಗಿತ್ತು. ನಾನೂ ಹೋಗಿ ನೋಡಿದೆ. ನಿಜ ಹೇಳಲೇ? ನನಗೇ ಹೆದರಿಕೆಯಾಯಿತು. ಅದರ ಹಿಂದೆಯೇ — ಎಷ್ಟು ಚೆಂದ ಬಂದಿದೆ ಅನಿಸಿತು.

ಕೇರಿಯ ಯಜಮಾನರು ಹಗರಣದ ಗಂಡಸರನ್ನೆಲ್ಲ ಕೂರಿಸಿ ಕೇಳಿದರು, ನಿಮ್ಮಲ್ಲಿ ಯಾರಾದರೂ ಆ ಮನೆಗೆ ಹೋಗಿದ್ದಿರಾ ಅಂತ. ತಮಾಷೆಗೆ ಹೋಗಿದ್ದರೂ ಹೇಳಿ, ಹಗರಣದ ಮಾತು, ಯಾರೂ ಏನೂ ಅನ್ನುವುದಿಲ್ಲ ಅಂದರು. ಬಾಗಿಲು ಅಷ್ಟು ಅಗಲ ತೆರೆದು ಕೊಟ್ಟಿದ್ದರು. ಒಬ್ಬೊಬ್ಬರೂ ಇಲ್ಲ ಅಂದರು. ನನ್ನ ಸರದಿ ಬಂತು. ಗೌರಿ ಆಗ ಬಸುರಿ. ಬಸುರಿಯ ಗಂಡ ಅಳವಂತೀಣದ ವೇಷ ಹಾಕಿದ ಅಂತ ಗೊತ್ತಾದರೆ — ನನ್ನ ಅಬ್ಬೆ, ಅತ್ತೆ, ಊರು — ಇಲ್ಲ, ಇದನ್ನು ನೆಪ ಮಾಡುವುದಿಲ್ಲ. ನಾನೂ ಇಲ್ಲ ಅಂದೆ. ದೇವರ ಮೇಲೆ ಆಣೆ ಇಡು ಅಂದರು. ಇಟ್ಟೆ.

ಆಮೇಲೆ ಪಾರೋತಕ್ಕ ಏನು ಮಾಡಿದಳು ಗೊತ್ತೇ? ಮೊಳೆ ಕಿತ್ತಳು. ತೆಂಗಿನಕಾಯಿ ಸುಲಿಯುವ ಸಲಾಕೆ, ಒನಕೆಯ ತುದಿ, ಕೊನೆಗೆ ಬರಿಗೈ. ಬೆರಳು ಒಡೆದು ಹೊಸ್ತಿಲೆಲ್ಲ ರಕ್ತ. ಎಲ್ಲ ಮೊಳೆ ಕಿತ್ತು ಬಾವಿಗೆ ಹಾಕಿ, ಬಾಗಿಲು ಹಾರುಹೊಡೆದು ಇಟ್ಟಳು. ಒಳಗೆ ತಟ್ಟೆ ಹಾಕಿಟ್ಟಳು. ಅಂಗಳ ಮತ್ತೆ ಸಾರಿಸಲಿಲ್ಲ. ಹೊಸ್ತಿಲ ಎದುರಿನ ಆಳದ ಗುರುತಿನ ಮೇಲೆ, ಕೋಳಿ ಕೆದಕಬಾರದು ಅಂತ, ಬುಟ್ಟಿ ಬೋರಲು ಹಾಕಿದಳು.

ಅಳವಂತೀಣಕ್ಕೆ ಬಾಗಿಲು ತೆರೆದಿಟ್ಟ ಕೈಯನ್ನು ಬಸುರಿಯ ಹೊಟ್ಟೆಗೆ ಯಾರು ಮುಟ್ಟಿಸುತ್ತಾರೆ? ಅವಳನ್ನು ಕರೆಯುವುದು ನಿಂತಿತು. ಎದುರಿಗೆ ಬಂದರೆ ಬಸುರಿಯರು ಬೇಲಿಯ ಮರೆಗೆ ಸರಿದರು. ಬಾವಿಯಲ್ಲಿ ನೀರು ಸೇದಲು ಬರುತ್ತಿದ್ದವರು ಬರಲಿಲ್ಲ. ಕೊನೆಗೆ ಯಜಮಾನರು ತೀರ್ಮಾನಿಸಿದರು — ಮತ್ತೆ ಮೊಳೆ ಹೊಡೆಯಬೇಕು, ಈ ಸಲ ಕೀಳಲಾಗದ ಹಾಗೆ. ನನ್ನ ಕಡೆ ನೋಡಿ, ದೋಣಿಯ ಕೆಲಸ ಬಲ್ಲವನಲ್ಲವೇ ನೀನು ಅಂದರು.

ದೋಣಿಗೆ ಮೊಳೆ ಹೊಡೆಯುವ ರೀತಿ ಬೇರೆ. ಹಲಗೆಗಿಂತ ಉದ್ದದ ಮೊಳೆ ತೆಗೆದುಕೊಳ್ಳಬೇಕು. ಈ ಮೈಯಿಂದ ಹೊಡೆದರೆ ತುದಿ ಆ ಮೈಯಲ್ಲಿ ಹೊರಗೆ ಬರುತ್ತದೆ. ಆ ತುದಿಯನ್ನು ಮಡಚಿ ಮತ್ತೆ ಮರದೊಳಗೇ ಬಡಿದು ಕೂರಿಸಬೇಕು. ಒಬ್ಬ ಮಡಚುವಾಗ ಇನ್ನೊಬ್ಬ ಮೊಳೆಯ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಹಿಂದಕ್ಕೆ ಬರುತ್ತದೆ. ಹಾಗೆ ಹೊಡೆದ ಮೊಳೆಯನ್ನು ಕಡಲೂ ಕೀಳುವುದಿಲ್ಲ.

ಬೆಳಗಿನ ಹೊತ್ತು. ಯಜಮಾನರು, ಊರವರು ಎಲ್ಲ ಬೇಲಿಯಾಚೆ ನಿಂತಿದ್ದರು. ಆ ಹೊಸ್ತಿಲು ಮುಟ್ಟಲು ಯಾರೂ ತಯಾರಿಲ್ಲ. ನಾನು ಹೊರಗಿನಿಂದ ಮೊಳೆ ಹೊಡೆದೆ, ಒಳಗೆ ಹೋದೆ, ತುದಿ ಹೊರಬಂದು ನಿಂತಿತ್ತು. ಕಬ್ಬಿಣ ಹಿಡಿಯಲು ಇನ್ನೊಬ್ಬರು ಬೇಕಲ್ಲ. ಪಾರೋತಕ್ಕ ಜಗಲಿಯ ಮೇಲೆ ಕೂತಿದ್ದಳು. ನಾನು ಅವಳಿಗೇ ಹೇಳಿದೆ, ಇದನ್ನು ಹಿಡಿ ಅಂತ. ಬಂದಳು. ಒಡೆದ ಬೆರಳುಗಳಿಗೆ ಬಟ್ಟೆ ಸುತ್ತಿದ್ದಳು. ಎರಡೂ ಕೈಯಲ್ಲಿ ಕಬ್ಬಿಣ ಹಿಡಿದು ಮೊಳೆಯ ತಲೆಗೆ ಒತ್ತಿ ಕೂತಳು. ಹೊಸ್ತಿಲ ಈಚೆ ನಾನು, ಆಚೆ ಅವಳು, ನಡುವೆ ಒಂದು ಮೊಳದ ಅಂತರವೂ ಇಲ್ಲ. ಅವಳ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. ಬೇಲಿಯಾಚೆ ಇದ್ದವರಿಗೆ ಕೇಳದ ಹಾಗೆ ಹೇಳಿದಳು:

"ತಮಾ, ಒಂದ್ ಬದಿಗೆ ಸಂದಿ ಬಿಡು. ನನ್ ಮಗ್ಳು ಸಪೂರ ಇತ್ತು. ಸಣ್ಣ ಸಂದಿ ಸಾಕು ಅದ್ಕೆ."

ಸುತ್ತಿಗೆ ನನ್ನ ಕೈಯಲ್ಲಿತ್ತು. ಪಾರೋತಕ್ಕಾ, ಅದು ಬರುವುದಿಲ್ಲ, ಬಂದದ್ದು ನಾನು — ಇಷ್ಟೇ ಹೇಳಬೇಕಿತ್ತು. ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದರೂ ಸಾಕಿತ್ತು. ಆ ಮಾತು ನನ್ನ ಬಾಯಿಗೆ ಬಂದಿತ್ತೇ? ಬಂದಿತ್ತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಬಂದಿರಲಿಲ್ಲ. ನನ್ನ ಬಾಯಿಂದ ಬಂದದ್ದು:

"ಸಮಾ ಹಿಡಿ. ಅಳ್ಳಾಡ್ತದೆ."

ಸಮ ಹಿಡಿದಳು. ನಾನು ಎಲ್ಲ ಮೊಳೆಯನ್ನೂ ಮಡಚಿ ಕೂರಿಸಿದೆ. ಸಂದಿ ಬಿಡಲಿಲ್ಲ.

ಆವತ್ತಿನಿಂದ ಅವಳು ಮನೆಯೊಳಗೆ ಮಲಗಲಿಲ್ಲ. ಮಗಳಿಗೆ ಒಳಗೆ ಬರಲಾಗದಿದ್ದರೆ ತಾನೇ ಹೊರಗೆ ಇರುತ್ತೇನೆ ಅಂತ ಜಗಲಿಗೆ ಚಾಪೆ ತಂದಳು. ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಕಡಲ ಕಡೆಯಿಂದ ಅಡ್ಡಡ್ಡ ಬರುತ್ತದೆ, ಜಗಲಿಯಲ್ಲಿ ಒಣ ಜಾಗ ಇರುವುದಿಲ್ಲ. ಮೊದಲ ಮಳೆಗೇ ಅಂಗಳದ ಗುರುತುಗಳೆಲ್ಲ ಕರಗಿದವು. ಬುಟ್ಟಿಯ ಕೆಳಗಿನದೂ ಕರಗಿತು. ಅವಳು ಬುಟ್ಟಿ ತೆಗೆಯಲಿಲ್ಲ.

ಆ ಮಳೆಯಲ್ಲೇ ಗೌರಿಗೆ ಬೇನೆ ಬಂತು. ಬೇರೆ ಊರಿನಿಂದ ಕರೆಸಿದ ಸೂಲಗಿತ್ತಿಗೆ ಕೈ ಸಾಗಲಿಲ್ಲ, ಕೂಸು ಅಡ್ಡ ತಿರುಗಿದೆ ಅಂದಳು. ಗೌರಿ ಹಲ್ಲು ಕಚ್ಚಿಕೊಂಡು ಪಾರೋತಕ್ಕನನ್ನು ಕರೆಯಿರಿ ಅಂದಳು. ಬೇಲಿಯಾಚೆಯೇ ಇದ್ದಾಳೆ, ಕರೆದರೆ ಬರುತ್ತಾಳೆ ಅಂದಳು. ನಾನು ಬೇಡ ಅಂದೆ. ಅಳವಂತೀಣ ಇಲ್ಲ ಅಂತ ಊರಿನಲ್ಲಿ ಖಂಡಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಆ ನಾನೇ ಬೇಡ ಅಂದೆ. ಕರೆದು, ಎದುರು ನಿಂತು, ಅವಳ ಕೈ ನನ್ನ ಕೂಸನ್ನು ಹಿಡಿಯುವುದು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೆ.

ಕೊನೆಗೆ ಹೇಗೋ ಕೂಸು ತಿರುಗಿತು, ಗೌರಿ ಬದುಕಿದಳು. ಕೂಸೂ ಬದುಕಿತು. ಇಂಥ ಕತೆಯಲ್ಲಿ ಪಾಪ ಮಾಡಿದವನಿಗೆ ಶಿಕ್ಷೆಯಾಗಬೇಕು ಅಂತ ನೀವು ಕಾಯುತ್ತಿದ್ದರೆ, ಆಗಲಿಲ್ಲ. ಕೂಸು ಅತ್ತ ಸದ್ದು ಕೇಳಿ ಬೇಲಿಯಾಚೆಯಿಂದ ಪಾರೋತಕ್ಕನ ದನಿ ಬಂತು, ಹೆಣ್ಣಾ ಗಂಡಾ ಅಂತ. ಮಳೆಯಲ್ಲೂ ಸರಿಯಾಗಿ ಕೇಳಿತು. ನಾನು ಹೊರಗೇ ಇದ್ದೆ. ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಕೇಳಿದಳು. ಆಮೇಲೆ ಕೇಳಲಿಲ್ಲ.

ನಾಗರ ಪಂಚಮಿಗೆ ಮೊದಲೇ ಪಾರೋತಕ್ಕ ಹೋದಳು. ಜ್ವರ ಇತ್ತಂತೆ, ಎಷ್ಟು ದಿನದಿಂದ ಅಂತ ಯಾರಿಗೂ ಗೊತ್ತಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕೂತಲ್ಲೇ ಇದ್ದಳು, ಬಾವಿಯ ಕಡೆ ಮುಖ ಮಾಡಿಕೊಂಡು. ಚಟ್ಟ ಕಟ್ಟಿದವನೂ ನಾನೇ. ಮಗಳು ಬಂದು ಕರಕೊಂಡು ಹೋದಳು ಅಂತ ಜನ ಹೇಳಿದರು. ನಾನು ಹೂಂ ಅಂದೆ.

ಅದೆಲ್ಲ ಆಗಿ ಇಷ್ಟು ವರ್ಷ. ಆವತ್ತು ಹುಟ್ಟಿದ ಮಗಳು ಸುಮಿತ್ರಾ ಈಗ ಬಸುರಿ, ಹೆರಿಗೆಗೆ ಮನೆಗೆ ಬಂದಿದ್ದಾಳೆ. ಈಗೇನು, ಕಾರವಾರದ ಆಸ್ಪತ್ರೆಗೆ ಮೋಟಾರಿನಲ್ಲಿ ಕರಕೊಂಡು ಹೋಗುತ್ತೇವೆ. ಆದರೂ ಕತೆ ಬಿಡಬೇಕಲ್ಲ. ಮೊನ್ನೆ ಜಗಲಿಯಲ್ಲಿ ಕೂತವಳು ಬೇಲಿಯಾಚೆಯ ಪಾಳು ಮನೆ ನೋಡಿ ನನಗೆ ಹೇಳಿದಳು:

"ಅಪ್ಪಾ, ಆ ಮನೆ ಬದಿಗೆ ನೋಡೂಕೆ ಹೆದ್ರಿಕೆ ಆಗ್ತದೆ. ಹೊಸ್ತಿಲಿಗೆ ಇನ್ನೊಂದೆರಡು ಮೊಳೆ ಹೊಡ್ದು ಬಾ."

ಸುತ್ತಿಗೆ, ಇಕ್ಕಳ ಎರಡನ್ನೂ ತೆಗೆದುಕೊಂಡು ಹೋದೆ. ಮನೆಯ ಮಾಡು ಕುಸಿದಿದೆ. ಬಾವಿಯೊಳಗೆ ಅರಳಿ ಗಿಡ ಬೆಳೆದಿದೆ. ಹೊಸ್ತಿಲು ಗಟ್ಟಿ ಮರದ್ದು, ಹಾಗೇ ಇದೆ. ನಾನು ಹೊಡೆಯಲಿಲ್ಲ. ಕೀಳಲು ಕೂತೆ, ಅವಳು ಕಬ್ಬಿಣ ಹಿಡಿದು ಕೂತಿದ್ದ ಜಾಗದಲ್ಲೇ. ಬಿಸಿಲು ಏರುವ ತನಕ ಎಳೆದೆ. ತುಕ್ಕು ಹಿಡಿದ ತಲೆಗಳು ಒಂದೊಂದಾಗಿ ಮುರಿದು ಇಕ್ಕಳಕ್ಕೆ ಬಂದವು. ಮೊಳೆ ಒಂದೂ ಬರಲಿಲ್ಲ.

ಆ ತಲೆಗಳನ್ನು ಅಂಗೈಯಲ್ಲಿ ಹಿಡಿದು ಮನೆಗೆ ಬಂದೆ. ಅಟ್ಟ ಹತ್ತಿ ಮರದ ಪಾದಗಳನ್ನು ಇಳಿಸಿದೆ. ಒಂದನ್ನು ಗೆದ್ದಲು ತಿಂದಿದೆ, ಇನ್ನೊಂದಕ್ಕೆ ಉಗುರು ಸಮೇತ ಎಲ್ಲ ಬೆರಳೂ ಇವೆ. ತಾಯಿ, ಮಗಳ ನಡುವೆ ಇಟ್ಟು ಎಲ್ಲವನ್ನೂ ಹೇಳಿದೆ. ನಿಮಗೆ ಹೇಳಿದ್ದನ್ನೇ. ಆಚೆ ಮನೆಯವರಿಗೂ ಹೇಳಲಿಕ್ಕಿದೆ, ಕೇರಿಗೂ ಹೇಳಲಿಕ್ಕಿದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಗೌರಿ ಬಹಳ ಹೊತ್ತು ಆ ಪಾದವನ್ನೇ ನೋಡಿದಳು. ಹಸಿರು ಸೀರೆ ಯಾವುದು ಅಂತ ಮಾತ್ರ ಕೇಳಿದಳು. ಹೇಳಿದೆ. ಎದ್ದು ಒಳಗೆ ಹೋದಳು.

ಸುಮಿತ್ರಾ ಎದ್ದು ಹೋಗಲಿಲ್ಲ, ಅವಳಿಗೆ ಬೇಗ ಏಳಲಾಗುವುದಿಲ್ಲ. ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದಳು. ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಆ ಮನೆಯ ಕಡೆ ನೋಡಿ ಅಲ್ಲ — ನನ್ನ ಕಡೆ ನೋಡಿ.